ಮತದ ಜೊತೆಗೊಂದು ನೋಟು

1952ರ ಮೊದಲ ಮಹಾಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ನಿಂತ ಶಾಂತವೇರಿ ಗೋಪಾಲಗೌಡರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಹಿಂದಿನ ವರ್ಷ ಕಾಗೋಡಿನ ಗೇಣಿದಾರರ ಸತ್ಯಾಗ್ರಹದಲ್ಲಿ ದುಡಿದು ಗಳಿಸಿದ ಜನವಿಶ್ವಾಸವೊಂದನ್ನುಳಿದು ಬೇರಾವ ಬಂಡವಾಳವೂ ಇಲ್ಲದಿದ್ದ ಆ ತರುಣರು, ಹಳ್ಳಿಯಿಂದ ಹಳ್ಳಿಗೆ ಅಲೆದು, ಮತವನ್ನು ಯಾಚಿಸಿದಂತೆಯೇ ಚುನಾವಣೆಯ ವೆಚ್ಚಕ್ಕೆಂದು ಒಂದೊಂದು ನೋಟನ್ನೂ ಯಾಚಿಸಿದರು. ಜನರು ಎರಡನ್ನೂ ಕೊಟ್ಟರು. ಗೌಡರು ಗೆದ್ದು ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು.

ಮಲೆನಾಡಿನ ಬಡವರಿತ್ತ ಆ ಕಾಸಿನ ಮಹತ್ತ್ವವು ಅದರ ಮೊತ್ತದಲ್ಲಿರಲಿಲ್ಲ. ಯಾರ ಹಣದಿಂದ ಗೆದ್ದನೋ ಅವರ ಋಣವನ್ನು ಶಾಸಕನಾದವನು ಒಂದಿಲ್ಲೊಂದು ಬಗೆಯಲ್ಲಿ ತೀರಿಸಲೇಬೇಕಾಗುವುದರಿಂದ, ಆ ಋಣವು ಸಹಸ್ರಾರು ಜನರಲ್ಲಿ ಹಂಚಿಹೋಗಿರುವುದೇ ಸಾರ್ವಜನಿಕ ಜೀವನದ ಶುಚಿತ್ವಕ್ಕೆ ಮೊದಲ ರಕ್ಷಣೆಯೆಂದು ನಾನು ನಂಬಿದ್ದೇನೆ. ಇಂದು ನಮ್ಮ ರಾಜ್ಯದ ವಿಧಾನಸಭೆಯ ಅಭ್ಯರ್ಥಿಯೊಬ್ಬನು ಕಾನೂನುಬದ್ಧವಾಗಿ ವ್ಯಯಿಸಬಹುದಾದ ಮಿತಿಯೇ 40 ಲಕ್ಷ ರೂಪಾಯಿ. ಹೀಗಿರುವಾಗ, ತಂದೆಯ ಕ್ಷೇತ್ರವನ್ನು ಆಸ್ತಿಯಂತೆ ಪಡೆಯದ, ಗುತ್ತಿಗೆದಾರರ ಹಂಗಿಗೆ ಬೀಳಲೊಲ್ಲದ ಪ್ರತಿಭಾವಂತ ತರುಣನಿಗಾಗಲಿ ತರುಣಿಗಾಗಲಿ ಪಕ್ಷದ ಬಿ ಫಾರಂ ದೊರೆಯುವುದೆಂತು?

1957ರಲ್ಲಿ ಗೌಡರು ಸೋತರು; 1962ರಲ್ಲಿ ತೀರ್ಥಹಳ್ಳಿಯ ಜನ ಅವರನ್ನು ಮತ್ತೆ ಆರಿಸಿ ಕಳುಹಿದರು. ಸೋತವನ ಮನೆಗೆ ಮರುದಿನವೂ ಹೋಗುವವರಿದ್ದರೆ ಮಾತ್ರ ಆತನು ರಾಜಕಾರಣದಲ್ಲಿ ಉಳಿದಾನು. ಗೌಡರಿಗೆ ಅಂಥ ಬಳಗವಿತ್ತು; ಅದರಲ್ಲಿ ಪಳಗಿದ ಕಿರಿಯರಲ್ಲಿ ಎಸ್. ಬಂಗಾರಪ್ಪ, ಜೆ. ಎಚ್. ಪಟೇಲ್ ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು.

ಆದರೆ ಎಲ್ಲರಿಗೂ ವಿಧಾನಸಭೆಯೇ ಮೊದಲ ಮೆಟ್ಟಿಲಾಗಬೇಕಿಲ್ಲ. ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಪಟ್ಟುಹಿಡಿದು ತಂದ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗ, ಸ್ತ್ರೀಯರಿಗೆಂದು ನೂರಕ್ಕೆ 25 ಸ್ಥಾನಗಳು ಮೀಸಲಾಗಿದ್ದವು. ಈಗಲೂ 21 ವರ್ಷ ತುಂಬಿದವರು ಪಕ್ಷದ ಚಿಹ್ನೆಯ ಹಂಗಿಲ್ಲದೆ ಗ್ರಾಮ ಪಂಚಾಯತಿಗೆ ಸ್ಪರ್ಧಿಸಬಹುದು. ಕುಡಿಯುವ ನೀರು, ಆಶ್ರಯ ಮನೆಗಳ ಪಟ್ಟಿ, ಬೀದಿದೀಪ, ಕಂದಾಯ ವಸೂಲಿ ಇವುಗಳಲ್ಲಿ ಕೈಯಾಡಿಸಿದವರಿಗೆ ಆಡಳಿತದ ಮರ್ಮವು ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ತಿಳಿದೀತು. ಗ್ರಾಮ ಪಂಚಾಯತಿಯ ಮೇಲಿನ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ, ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದೆ ಅವನ್ನು ಆಡಳಿತಾಧಿಕಾರಿಗಳ ಕೈಗೊಪ್ಪಿಸಿದುದು ಉದಯೋನ್ಮುಖ ತರುಣರಿಗೆಸಗಿದ ಘೋರವಾದ ಅನ್ಯಾಯ. ಇದಕ್ಕೆ ಕ್ಷೇತ್ರ ವಿಂಗಡಣೆ, ಮೀಸಲಾತಿಗಳ ನೆಪವನ್ನು ನಾನೊಪ್ಪಲಾರೆ.

ಪಂಚಾಯತಿಯ ಸದಸ್ಯಸ್ಥಾನವನ್ನೇ ಹರಾಜಿಗಿಟ್ಟು ಅವಿರೋಧ ಆಯ್ಕೆಯೆಂದು ಬೀಗಿದ ಊರುಗಳೂ ನಮ್ಮಲ್ಲಿವೆ. ಆದುದರಿಂದ ಊರ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟು: ಗ್ರಾಮಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ ಹುಡುಗಿಯೋ ಹುಡುಗನೋ ನಿಮ್ಮೂರಿನಲ್ಲಿದ್ದರೆ, ಜಾತಿಯನ್ನು ವಿಚಾರಿಸದೆ, ಬರುವ ಚುನಾವಣೆಯಲ್ಲಿ ಅವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿರಿ, ಠೇವಣಿಗೆ ನಿಮ್ಮ ಪಾಲನ್ನು ಸೇರಿಸಿರಿ, ಪ್ರಚಾರಕ್ಕೆ ಜೊತೆಯಲ್ಲಿ ನಡೆಯಿರಿ, ಗೆದ್ದ ಮೇಲೆ ಅವರಿಂದಲೂ ಲೆಕ್ಕ ಕೇಳಿರಿ.