ಮರ ಹತ್ತುವವನ ಹೆಸರು



ಪ್ರತಿವರ್ಷ ಮೇ ಒಂದರಂದು ನಾವು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬ ಆಚರಿಸುತ್ತೇವೆ. 1955ರಲ್ಲಿ ವಿಶ್ವಗುರು ಹನ್ನೆರಡನೆಯ ಪಯಸ್‌ರವರು ಈ ಹಬ್ಬವನ್ನು ಧರ್ಮಸಭೆಗೆ ಕೊಟ್ಟರು. ಅಂದು ಬಡಗಿ, ಗಾರೆಯವನು, ಡ್ರೈವರ್, ದರ್ಜಿ ಎಲ್ಲರಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ಮರ ಹತ್ತಿ ಕೊಂಬೆ ಸವರುವವನ ನೆನಪು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ? ಮನೆಯ ಮೇಲೆ ಕೊಂಬೆ ಬಾಗಿದಾಗ, ವಿದ್ಯುತ್ ತಂತಿಗೆ ಎಲೆ ತಾಗಿದಾಗ ಮಾತ್ರ ಅವನನ್ನು ಹುಡುಕುತ್ತೇವೆ. ಚೌಕಾಸಿ ಮಾಡಿ ಕೂಲಿ ಕೊಟ್ಟು ಕಳಿಸಿಬಿಡುತ್ತೇವೆ. ಅವನ ಕೆಲಸಕ್ಕೂ ಒಂದು ವಿದ್ಯೆ ಇದೆ, ಅವನಿಗೂ ಕಾಪಾಡಿಕೊಳ್ಳಬೇಕಾದ ಒಂದು ಹೆಸರಿದೆ ಎಂಬುದು ನನಗೂ ಹೊಳೆದಿರಲಿಲ್ಲ. ನನ್ನ ಕಣ್ಣು ತೆರೆಸಿದ್ದು ಎರಡು ಬೇವಿನ ಮರಗಳು.

ಎರಡು ಬೇವಿನ ಗಿಡಗಳು

ಆಗ ನಾನು ಆದೋನಿ ಕಡೆಯ ಒಂದು ಊರಿನಲ್ಲಿದ್ದೆ. ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗ 1953ರ ಅಕ್ಟೋಬರ್ ಒಂದರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು ಅತ್ತ ಹೋದವು, ಬಳ್ಳಾರಿ ಇತ್ತ ಉಳಿಯಿತು. ಇಂದಿಗೂ ಅಲ್ಲಿನ ಅನೇಕ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಹತ್ತಿಯ ಊರು, ಮಳೆ ಕಡಿಮೆ, ಬಿಸಿಲು ವಿಪರೀತ. ಅಲ್ಲಿ ಮರವನ್ನೂ ‘ಗಿಡ’ ಎಂದೇ ಕರೆಯುತ್ತಾರೆ. ಏಪ್ರಿಲ್ ತಿಂಗಳಲ್ಲಿ ಒಂದು ಬೇವಿನ ಗಿಡದ ನೆರಳು ಎಂದರೆ ಏನೆಂಬುದನ್ನು ಆ ಊರಿನವರನ್ನೇ ಕೇಳಬೇಕು.

ನಮ್ಮ ದೇವಾಲಯದ ಅಂಗಳದಲ್ಲಿ ಎರಡು ದೊಡ್ಡ ಬೇವಿನ ಮರಗಳಿದ್ದವು. 2021ರ ಕೊನೆಯಲ್ಲಿ ತೆಲಂಗಾಣ, ಆಂಧ್ರಪ್ರದೇಶಗಳ ಅನೇಕ ಕಡೆ ಬೇವಿನ ಮರಗಳು ಒಣಗಿದ್ದು ನಿಮಗೆ ನೆನಪಿರಬಹುದು. ತುದಿಯಿಂದ ಎಲೆಗಳು ಸುಟ್ಟಂತೆ ಕಂದಾಗಿ, ಇಡೀ ಮರವೇ ಸತ್ತಂತೆ ಕಾಣುತ್ತಿತ್ತು. ಜನ ಹೆದರಿದರು. ಬೇವೇ ಸತ್ತರೆ ಊರಿಗೆ ಕೇಡು ಎಂದವರೂ ಇದ್ದರು. ಇದು ಶಾಪವಲ್ಲ, ರೋಗ. ಇದಕ್ಕೆ ಕಾರಣವಾಗುವ ಶಿಲೀಂಧ್ರವನ್ನು ಮೈಸೂರಿನ ವಿಜ್ಞಾನಿಗಳು 1997ರಲ್ಲೇ ಗುರುತಿಸಿ, ಅದಕ್ಕೆ ‘ಫೋಮಾಪ್ಸಿಸ್ ಅಜಾಡಿರಾಕ್ಟೆ’ ಎಂದು ಹೆಸರಿಟ್ಟಿದ್ದರು. ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವೂ ಅದರ ಜೊತೆ ಸೇರಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ನಮ್ಮ ಮರಗಳೂ ಒಣಗಿದವು. ಆ ಸುತ್ತಿನಲ್ಲಿ ಮರ ಸವರುವ ಕೆಲಸಕ್ಕೆ ಹೆಸರಾಗಿದ್ದ ಐವತ್ತು ದಾಟಿದ ಒಬ್ಬರನ್ನು ಕರೆಸಿದೆ. ಅವರು ನಮ್ಮ ಧರ್ಮಕೇಂದ್ರದವರಲ್ಲ. ಬಂದವರು ಮರವನ್ನು ಎರಡು ಸುತ್ತು ಸುತ್ತಿದರು, ಹಗ್ಗ ಹಾಕಿ ಅರ್ಧದವರೆಗೆ ಹತ್ತಿದರು, ಅಲ್ಲಲ್ಲಿ ಉಗುರಿನಿಂದ ತೊಗಟೆ ಕೆರೆದರು. ಕೆಳಗಿಳಿದು ಹೇಳಿದರು:

“ಫಾದರ್, ಗಿಡ ಸತ್ತಿಲ್ರಿ. ಒಳಗ ಹಸಿರು ಐತಿ. ಯುಗಾದಿ ತನಕ ಬಿಡ್ರಿ. ಚಿಗುರಲಿಲ್ಲಂದ್ರ ನಾನೇ ಬಂದು ಕಡಿತೀನಿ.”

ಬಂದು ಹೋದದ್ದಕ್ಕೆ ನೂರು ರೂಪಾಯಿ ಕೊಡಲು ಹೋದೆ. “ಕೆಲಸ ಮಾಡಿಲ್ಲಲ್ರಿ” ಎಂದು ತೆಗೆದುಕೊಳ್ಳಲಿಲ್ಲ.

ನನಗೆ ಸಮಾಧಾನವಾಗಲಿಲ್ಲ. ಕ್ರಿಸ್ಮಸ್ ಹತ್ತಿರ ಬಂದಿತ್ತು, ಒಣ ಕೊಂಬೆ ಯಾರ ತಲೆಯ ಮೇಲಾದರೂ ಬಿದ್ದರೆ ಎಂಬ ಭಯ. ಅಷ್ಟರಲ್ಲಿ ಸೌದೆ ವ್ಯಾಪಾರದ ಇನ್ನೊಂದು ತಂಡ ಬಂತು. “ಎರಡೂ ಸತ್ತಿವೆ. ನಾವೇ ಕಡಿದು ಒಯ್ಯುತ್ತೇವೆ, ಮೇಲೆ ನಿಮಗೇ ದುಡ್ಡು ಕೊಡುತ್ತೇವೆ” ಎಂದರು. ಒಪ್ಪಿಬಿಟ್ಟೆ. ಆಂಧ್ರಪ್ರದೇಶದ 2002ರ ಜಲ, ಭೂಮಿ ಮತ್ತು ಮರಗಳ ಕಾಯ್ದೆಯ ಪ್ರಕಾರ ಮರ ಕಡಿಯಲು ಅಧಿಕಾರಿಯ ಅನುಮತಿ ಬೇಕು. ಅದನ್ನೂ ನಾನು ವಿಚಾರಿಸಲಿಲ್ಲ.

ಅರ್ಧ ದಿನದಲ್ಲಿ ಒಂದು ಮರ ನೆಲಕ್ಕುರುಳಿತು. ಎರಡನೆಯದು ವಿದ್ಯುತ್ ತಂತಿಯ ಪಕ್ಕದಲ್ಲಿದ್ದುದರಿಂದ ಲೈನ್ ಬಂದ್ ಮಾಡಿಸಿ ಮತ್ತೆ ಬರುತ್ತೇವೆಂದು ಹೋದವರು ಬರಲೇ ಇಲ್ಲ.

ಆದರೆ ನನ್ನ ದೊಡ್ಡ ತಪ್ಪು ಅದಲ್ಲ. ಆ ಭಾನುವಾರ ಪೂಜೆಯಾದ ಮೇಲೆ ಜನ ಅಂಗಳದಲ್ಲಿ ನಿಂತಿದ್ದಾಗ ಒಬ್ಬರು, “ಫಾದರ್, ಅವರನ್ನ ಯಾಕೆ ಕರೀಲಿಲ್ಲ?” ಎಂದು ಕೇಳಿದರು. ನಾನು ನಗುತ್ತಾ, “ಅವರಿಗೀಗ ವಯಸ್ಸಾಯಿತು, ಮೇಲೆ ಹತ್ತಲು ಭಯ. ಅದಕ್ಕೇ ಗಿಡ ಸತ್ತಿಲ್ಲ ಅಂತಾರೆ” ಎಂದೆ. ಸುತ್ತಲಿದ್ದವರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡೆ.

ತಪಸ್ಸುಕಾಲದ ಮೂರನೆಯ ಭಾನುವಾರ

ಫೆಬ್ರವರಿ ಕಳೆಯುವಷ್ಟರಲ್ಲಿ ಉಳಿದ ಮರದ ನಡುಗೊಂಬೆಗಳಲ್ಲಿ ಕೆಂಪು ಚಿಗುರು ಕಾಣಿಸಿತು. ಮಾರ್ಚ್ ಹೊತ್ತಿಗೆ ಮರ ತುಂಬ ಎಲೆ. ಕಡಿದ ಮರದ ಬೊಡ್ಡೆ ಪಕ್ಕದಲ್ಲೇ ಇತ್ತು. ಅದರಲ್ಲಿ ಒಂದಿಷ್ಟೂ ಕೊಳೆತ ಇರಲಿಲ್ಲ.

2022ರ ಮಾರ್ಚ್ 20 ತಪಸ್ಸುಕಾಲದ ಮೂರನೆಯ ಭಾನುವಾರ. ಅಂದಿನ ಶುಭಸಂದೇಶ ಸಂತ ಲೂಕರ ಹದಿಮೂರನೆಯ ಅಧ್ಯಾಯದ ಅಂಜೂರದ ಮರದ ಸಾಮತಿ. ಮೂರು ವರ್ಷ ಕಾದರೂ ಹಣ್ಣಿಲ್ಲವೆಂದು ಯಜಮಾನ ಮರ ಕಡಿಯಲು ಹೇಳುತ್ತಾನೆ. ತೋಟದ ಆಳು ಮಾತ್ರ ಇನ್ನೊಂದು ವರ್ಷ ಬಿಡಿ, ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ಈ ಸಾಮತಿಯ ಮೇಲೆ ಎಷ್ಟು ಸಲ ಪ್ರಬೋಧನೆ ಮಾಡಿದ್ದೆನೋ! ದೇವರ ತಾಳ್ಮೆಯ ಬಗ್ಗೆ ಹೇಳಿದ್ದೆ. ಆದರೆ ಅಲ್ಲಿ ಯಜಮಾನನ ಎದುರು ನಿಂತು ‘ಬೇಡ’ ಎಂದವನು ಒಬ್ಬ ಕೂಲಿಯಾಳು ಎಂಬುದನ್ನು ಗಮನಿಸಿರಲಿಲ್ಲ. ಕಡಿದಿದ್ದರೆ ಅವನಿಗೆ ಕೆಲಸ ಅಂದೇ ಮುಗಿಯುತ್ತಿತ್ತು. ಬೇಡ ಎಂದದ್ದರಿಂದ ಅವನಿಗೆ ಸಿಕ್ಕಿದ್ದು ಅಗೆಯುವ, ಗೊಬ್ಬರ ಹೊರುವ ಇನ್ನೊಂದು ವರ್ಷದ ದುಡಿಮೆ.

ಪೂಜೆಯ ಹಿಂದಿನ ಸಂಜೆ ಆ ಹಿರಿಯರ ಬಗ್ಗೆ ವಿಚಾರಿಸಿದೆ. ಅವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಆ ಭಾಗದಿಂದ ಜನ ಬೆಂಗಳೂರಿಗೆ, ಗುಂಟೂರಿಗೆ ದುಡಿಯಲು ಹೋಗುವುದು ಹೊಸತಲ್ಲ. ಆದರೆ ಅವರು ಹಾಗೆ ಹೋಗುತ್ತಿದ್ದವರಲ್ಲ. “ಅವರಿಗೆ ಹತ್ತೋದಕ್ಕಾಗಲ್ಲ ಅಂತ ಫಾದರೇ ಹೇಳಿದಾರಂತೆ” ಎಂಬ ಮಾತು ಚಹಾದಂಗಡಿಯಿಂದ ಚಹಾದಂಗಡಿಗೆ ಹೋಗಿ, ಆ ವರ್ಷ ಅವರನ್ನು ಕರೆಯುವವರೇ ಕಡಿಮೆಯಾಗಿದ್ದರು.

ಒಳ್ಳೆಯ ಕೆಲಸಗಾರನನ್ನು ಗುರುತಿಸುವುದು ಹೇಗೆ?

ಆಮೇಲೆ ಈ ವಿದ್ಯೆಯ ಬಗ್ಗೆ ಒಂದಿಷ್ಟು ಓದಿದೆ. ನಿಮಗೂ ಉಪಯೋಗವಾಗಬಹುದು.

ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ (1930–2006) ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಗಾಯಗಳನ್ನು ಅಭ್ಯಾಸ ಮಾಡಿದರು. ಮನುಷ್ಯನ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ ಎಂದು ಅವರು ತೋರಿಸಿದರು. ಮರ ಗಾಯದ ಸುತ್ತ ಗೋಡೆ ಕಟ್ಟಿ, ಕೊಳೆತ ಹರಡದಂತೆ ತಡೆದು, ಅದರಾಚೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ಆದ್ದರಿಂದ ಎಲ್ಲಿ ಕತ್ತರಿಸುತ್ತೇವೆ ಎಂಬುದು ಮುಖ್ಯ. ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆಯಂತೆ ಉಬ್ಬಿದ ಒಂದು ಭಾಗವಿರುತ್ತದೆ. ಅದರ ಹೊರಗೆ ಕತ್ತರಿಸಬೇಕು. ಬಳೆಯನ್ನೇ ಕೆತ್ತಿ ಕಾಂಡಕ್ಕೆ ಸಮ ಮಾಡಿದರೂ ಕೊಳೆಯುತ್ತದೆ, ಉದ್ದನೆಯ ಮೋಟು ಬಿಟ್ಟರೂ ಕೊಳೆಯುತ್ತದೆ. ಗಾಯಕ್ಕೆ ಬಣ್ಣ, ಡಾಂಬರು ಬಳಿದರೆ ಕೊಳೆತ ನಿಲ್ಲುವುದಿಲ್ಲ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಕಡಿದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಬರುತ್ತದೆ. ಬಲ್ಲವನು ಮೂರು ಸಲ ಗರಗಸ ಹಾಕುತ್ತಾನೆ. ಮೊದಲು ಕಾಂಡದಿಂದ ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರ್ಧಂಬರ್ಧ ಕೊಯ್ಯುತ್ತಾನೆ. ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸುತ್ತಾನೆ. ಕೊನೆಗೆ ಉಳಿದ ಮೋಟನ್ನು ಬಳೆಯ ಹೊರಗೆ ತೆಗೆಯುತ್ತಾನೆ. ಮರದ ತಲೆಯನ್ನೇ ಬೋಳಿಸುವುದು ಸವರುವಿಕೆಯಲ್ಲ. ಹಾಗೆ ಬೋಳಿಸಿದಲ್ಲಿ ಒತ್ತಾಗಿ ಹುಟ್ಟುವ ಹೊಸ ಕೊಂಬೆಗಳಿಗೆ ಹಿಡಿತ ಕಡಿಮೆ, ಗಾಳಿಗೆ ಬೇಗ ಮುರಿಯುತ್ತವೆ.

ಒಳ್ಳೆಯ ಕೆಲಸಗಾರ ಮರವನ್ನು ನೋಡದೆ ದರ ಹೇಳುವುದಿಲ್ಲ. ತಂತಿ ಹತ್ತಿರವಿದ್ದರೆ ವಿದ್ಯುತ್ ಕಚೇರಿಗೆ ತಿಳಿಸಿ ಲೈನ್ ಬಂದ್ ಮಾಡಿಸದೆ ಹತ್ತುವುದಿಲ್ಲ. ಹಗ್ಗವಿಲ್ಲದೆ ಹತ್ತುವುದಿಲ್ಲ. ಬೇಕಾದರೆ ‘ಕಡಿಯಬೇಡಿ’ ಎಂದೂ ಹೇಳುತ್ತಾನೆ. ಕಡಿಯುವುದರಿಂದಲೇ ಹೊಟ್ಟೆ ಹೊರೆಯುವವನು ಆ ಮಾತು ಹೇಳಿದರೆ ಅದಕ್ಕೆ ಬೆಲೆ ಹೆಚ್ಚು.

ವಯಸ್ಸಾದ ಮರವೆಂದರೆ ಮುಗಿದ ಮರವಲ್ಲ. ಕೋಲ್ಕತ್ತಾ ಬಳಿಯ ಸಸ್ಯೋದ್ಯಾನದ ದೊಡ್ಡ ಆಲದ ಮರದ ನಡುಕಾಂಡಕ್ಕೆ ಶಿಲೀಂಧ್ರ ತಗುಲಿದಾಗ 1925ರಲ್ಲಿ ಅದನ್ನಷ್ಟೇ ತೆಗೆದುಹಾಕಿದರು. ಮರ ತನ್ನ ಬಿಳಲುಗಳ ಮೇಲೆ ಇಂದಿಗೂ ನಿಂತಿದೆ. ಕರ್ನೂಲಿಗೆ ದೂರವಲ್ಲದ ಮಹಬೂಬ್‌ನಗರದ ‘ಪಿಲ್ಲಲಮರ್ರಿ’ ಆಲಕ್ಕೆ ಗೆದ್ದಲು ಹಿಡಿದು 2017ರ ಡಿಸೆಂಬರ್‌ನಲ್ಲಿ ದೊಡ್ಡ ಕೊಂಬೆ ಮುರಿದಾಗ, ಅದನ್ನು ಕಡಿದು ಮುಗಿಸಲಿಲ್ಲ. 2018ರಲ್ಲಿ ಆಸ್ಪತ್ರೆಯ ಸಲೈನ್ ಬಾಟಲಿಗಳಂತೆ ಔಷಧದ ಬಾಟಲಿಗಳನ್ನು ತೂಗುಹಾಕಿ ಹನಿಹನಿಯಾಗಿ ಕೊಟ್ಟರು, ಭಾರದ ಕೊಂಬೆಗಳಿಗೆ ಕಂಬದ ಆಸರೆ ಕೊಟ್ಟರು.

ಮರ ಹತ್ತುವವನ ಜೀವಕ್ಕೂ ಬೆಲೆಯಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ’ ಎಂಬ ತರಬೇತಿ ಆರಂಭಿಸಿ, ಯಂತ್ರದ ಸಹಾಯದಿಂದ ತೆಂಗಿನ ಮರ ಹತ್ತುವುದನ್ನು ಯುವಕ ಯುವತಿಯರಿಗೆ ಕಲಿಸಿತು, ವಿಮೆಯ ವ್ಯವಸ್ಥೆಯನ್ನೂ ಮಾಡಿತು. ಬೇವು, ಹುಣಸೆ ಹತ್ತುವವರಿಗೆ ಅಂಥ ಆಸರೆ ನಮ್ಮ ಊರುಗಳಲ್ಲಿ ಎಲ್ಲಿದೆ? ಅವರ ಪ್ರಮಾಣಪತ್ರ, ಅವರ ಬಂಡವಾಳ ಎಲ್ಲವೂ ಜನರ ಬಾಯಲ್ಲಿರುವ ಅವರ ಹೆಸರು ಒಂದೇ. ಅದನ್ನೇ ನಾನು ನಗುನಗುತ್ತಾ ಕಡಿದಿದ್ದೆ.

ಎಂಟನೆಯ ಆಜ್ಞೆ

ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆ ಕೋರ್ಟಿಗೆ ಸಂಬಂಧಿಸಿದ್ದೆಂದು ನಾವು ತಿಳಿಯುತ್ತೇವೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥ 2477ನೆಯ ಪರಿಚ್ಛೇದದಲ್ಲಿ ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರಲ್ಲಿ ತಪ್ಪು ಕಾಣುವುದನ್ನೂ, ಸುಳ್ಳು ಮಾತಿನಿಂದ ಹೆಸರು ಕೆಡಿಸುವುದನ್ನೂ ಈ ಆಜ್ಞೆಗೆ ವಿರುದ್ಧವಾದ ಪಾಪಗಳೆಂದು ಕಲಿಸುತ್ತದೆ. 2487ರಲ್ಲಿ ಇನ್ನೂ ಮುಂದೆ ಹೋಗುತ್ತದೆ. ಪಾಪನಿವೇದನೆ ಮಾಡಿ ಕ್ಷಮೆ ಪಡೆದರೂ, ಕೆಟ್ಟ ಹೆಸರನ್ನು ಸರಿಪಡಿಸುವ ಹೊಣೆ ಉಳಿದೇ ಇರುತ್ತದೆ. ಹಣ ಕದ್ದವನು ಹಣ ಹಿಂದಿರುಗಿಸಬೇಕು. ಹೆಸರು ಕದ್ದವನು?

ಅಂದು ಪ್ರಬೋಧನೆಯಲ್ಲಿ ನಡೆದುದೆಲ್ಲವನ್ನೂ ಹೇಳಿದೆ. ಯಾರೂ ನಗಲಿಲ್ಲ. ಆದರೆ ಅವರು ನಮ್ಮ ಸಭೆಯವರಲ್ಲ, ನನ್ನ ಮಾತು ಹಬ್ಬಿದ್ದು ದೇವಾಲಯದ ಹೊರಗೆ. ಆದ್ದರಿಂದ ಚಹಾದಂಗಡಿಗೂ ಹೋದೆ, ಅವರನ್ನು ಕರೆಯುವುದು ಬಿಟ್ಟಿದ್ದ ಮನೆಗಳಿಗೂ ಹೋದೆ. “ಅವರು ಹೇಳಿದ್ದು ಸರಿ, ನಾನು ಹೇಳಿದ್ದು ಸುಳ್ಳು” ಎನ್ನುವುದು ಪೀಠದ ಮುಂದೆ ಹೇಳಿದಷ್ಟು ಸುಲಭವಾಗಿರಲಿಲ್ಲ.

ಬೆಂಗಳೂರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಒಂದು ಗಿಡ ಉಳದೇತಲ್ರಿ ಫಾದರ್? ಅದರ ಒಣಟೊಂಗಿ ಈಗ ತಗೀಬ್ಯಾಡ್ರಿ, ನಾ ಬಂದಮ್ಯಾಲ ನೋಡ್ತೀನಿ” ಎಂದರು.

ಬಂದರು, ಸವರಿದರು. ಬೆಳಗ್ಗೆ ಏಳರಿಂದ ಸಂಜೆಯವರೆಗೆ, ಒಂದೊಂದು ಕೊಂಬೆಯನ್ನೂ ಹಗ್ಗ ಕಟ್ಟಿ ಇಳಿಸಿದರು. ಈ ಸಲ ಅವರು ಹೇಳಿದಷ್ಟೇ ಕೂಲಿ ಕೊಟ್ಟೆ. ಕೆಲವು ಮನೆಯವರು ಮತ್ತೆ ಅವರನ್ನು ಕರೆದರು. ಎಲ್ಲರೂ ಅಲ್ಲ. ಆ ಸೌದೆ ತಂಡವನ್ನೇ ಇಂದಿಗೂ ಕರೆಯುವ ಮನೆಗಳಿವೆ ಎಂದು ಕೇಳಿದ್ದೇನೆ. ಮರದ ಗಾಯದಂತೆ ಹೆಸರಿಗೆ ಬಿದ್ದ ಗಾಯವೂ ಪೂರ್ತಿ ಮಾಯುವುದಿಲ್ಲ. ಅದರ ಸುತ್ತ ಹೊಸದಾಗಿ ಬೆಳೆಯಬೇಕು, ಅಷ್ಟೆ.

ಕ್ರಿಸ್ತರಲ್ಲಿ ಪ್ರಿಯರೇ, ಸಿರಾಖ ಗ್ರಂಥದ 38ನೆಯ ಅಧ್ಯಾಯ ಉಳುವವನನ್ನೂ ಕಮ್ಮಾರನನ್ನೂ ಕುಂಬಾರನನ್ನೂ ನೆನೆದು, ಅವರಿಲ್ಲದೆ ಯಾವ ಊರೂ ಊರಾಗದು ಎಂದು ಕಲಿಸುತ್ತದೆ. ನಿಮ್ಮ ಮನೆಗೆ ಬರುವ ಪ್ಲಂಬರ್, ಎಲೆಕ್ಟ್ರೀಶಿಯನ್, ಗಾರೆಯವನು, ಮರ ಹತ್ತುವವನು ಇವರ ಬಗ್ಗೆ ಊಟದ ಹೊತ್ತಿನಲ್ಲಿ ಒಂದು ಮಾತು ಆಡುವ ಮೊದಲು, ಆ ಮಾತು ಎಷ್ಟು ದೂರ ಹೋಗಬಲ್ಲದೆಂದು ಯೋಚಿಸಿ. ಕೆಲಸ ಕೆಟ್ಟಿದ್ದರೆ ಅವರ ಎದುರೇ ಹೇಳಿ. ಚೆನ್ನಾಗಿದ್ದರೆ ನಾಲ್ಕು ಜನರೆದುರು ಹೇಳಿ. ಮುಂದಿನ ಮೇ ಒಂದರಂದು ಸಂತ ಜೋಸೆಫರ ಮುಂದೆ ಮೊಂಬತ್ತಿ ಹಚ್ಚುವಾಗ ಅಂಥ ಒಬ್ಬರ ಹೆಸರನ್ನಾದರೂ ಪ್ರಾರ್ಥನೆಯಲ್ಲಿ ಹೇಳಿ. ಅವರ ಹೆಸರು ಗೊತ್ತಿಲ್ಲವಾದರೆ, ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ.