ಎರಡು ಪಟ್ಟಿ, ಒಂದು ಪ್ರಶ್ನೆ

ಅಜ್ಜಿಯೊಬ್ಬರು ಕಚೇರಿಗೆ ಹೋಗಿ, "ಈ ತಿಂಗಳ ವೃದ್ಧಾಪ್ಯ ವೇತನ ಬರಲಿಲ್ಲವಲ್ಲ ಸ್ವಾಮಿ" ಎಂದು ಕೇಳುತ್ತಾರೆ ಎನ್ನೋಣ. ಗುಮಾಸ್ತರು ಗಣಕಯಂತ್ರವನ್ನು ನೋಡಿ, "ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ, ಅಜ್ಜಿ" ಎನ್ನುತ್ತಾರೆ. ಹೆಸರು ದಾಖಲೆಯಲ್ಲಿ ಇಲ್ಲವೆ? ಇದೆ. ಯಂತ್ರ ಸುಳ್ಳು ಹೇಳಿತೆ? ಅದೂ ಇಲ್ಲ. ಹಾಗಾದರೆ ಅಜ್ಜಿಯ ಹೆಸರು ಹೋದದ್ದೆಲ್ಲಿಗೆ? ಇದನ್ನು ತಿಳಿಯಬೇಕಾದರೆ ಯಂತ್ರವು ಲೆಕ್ಕವನ್ನು ಹೇಗೆ ಇಟ್ಟುಕೊಳ್ಳುತ್ತದೆಂಬುದನ್ನು ನೋಡಬೇಕು.

ಇಂಥ ಲೆಕ್ಕಕ್ಕೆ ಎರಡು ಕೋಷ್ಟಕಗಳಾದರೂ ಬೇಕು. ಒಂದರಲ್ಲಿ ವೇತನ ಪಡೆಯುವವರ ಸಂಖ್ಯೆ, ಹೆಸರು, ವಿಳಾಸ. ಇನ್ನೊಂದರಲ್ಲಿ ಅದೇ ಸಂಖ್ಯೆ, ತಿಂಗಳು, ಸಂದಾಯವಾದ ಹಣ. ಎಲ್ಲವನ್ನೂ ಒಂದೇ ಕಡೆ ಬರೆಯಬಾರದೆ ಎನ್ನುವಿರಾ? ಹಾಗೆ ಬರೆದರೆ ಒಬ್ಬರ ವಿಳಾಸವನ್ನೇ ವರ್ಷಕ್ಕೆ 12 ಸಲ ಬರೆಯಬೇಕು. ಅವರು ಮನೆ ಬದಲಾಯಿಸಿದರೆ 12 ಕಡೆಯೂ ತಿದ್ದಬೇಕು. ಒಂದು ಕಡೆ ಮರೆತರೂ ಯಾವ ವಿಳಾಸ ನಿಜವೆಂದು ತಿಳಿಯದು. ಆದುದರಿಂದ ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಟ್ಟು, ಬೇಕಾದಾಗ ಹೊಂದಿಸಿಕೊಳ್ಳುವುದೇ ಜಾಣತನ. ಕೋಷ್ಟಕಗಳ ಈ ಏರ್ಪಾಡಿಗೆ ಶಾಸ್ತ್ರೀಯ ತಳಹದಿ ಹಾಕಿದವರು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್. ಅವರ ಲೇಖನ ಪ್ರಕಟವಾದದ್ದು 1970ರಲ್ಲಿ. ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು, ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು 1974ರಲ್ಲಿ ಮುಂದಿಟ್ಟರು. ಇಂದಿನ ಎಸ್‌ಕ್ಯೂಎಲ್ ಅದರಿಂದ ಬೆಳೆದದ್ದು.

ಈಗ ಪುಟ್ಟ ಉದಾಹರಣೆ. ಮೊದಲ ಕೋಷ್ಟಕದಲ್ಲಿ ಮೂವರು: 101 ಲಕ್ಷ್ಮಮ್ಮ, 102 ಸಿದ್ದಮ್ಮ, 103 ಲಕ್ಷ್ಮಮ್ಮ. ಒಂದೇ ಊರಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರು ಇರುವುದು ಹೊಸದೇನೂ ಅಲ್ಲ. ಹೆಸರು ನೋಡಿ ಹೊಂದಿಸಿದರೆ ಒಬ್ಬರ ಹಣ ಇನ್ನೊಬ್ಬರ ಲೆಕ್ಕದಲ್ಲಿ ಕಾಣಿಸಿಕೊಂಡೀತು. ಆದಕಾರಣ ಸಂಖ್ಯೆಯೇ ಕೀಲಿ. ಎರಡನೆಯ ಕೋಷ್ಟಕದಲ್ಲಿ ಈ ತಿಂಗಳು 101 ಮತ್ತು 102ಕ್ಕೆ ಮಾತ್ರ ಹಣ ಸಂದಾಯವಾಗಿದೆ.

"ಸಂಖ್ಯೆ ಹೊಂದುವ ಸಾಲುಗಳನ್ನು ಜೋಡಿಸಿ ಕೊಡು" ಎಂದು ಕೇಳುವುದಕ್ಕೆ ಜಾಯಿನ್ ಎಂದು ಹೆಸರು. ಯಂತ್ರವು ಎರಡು ಸಾಲುಗಳನ್ನು ಕೊಡುತ್ತದೆ. 103ಕ್ಕೆ ಜೊತೆ ಸಿಗಲಿಲ್ಲ. ಆದ್ದರಿಂದ ಅದು ಸದ್ದಿಲ್ಲದೆ ಬಿಟ್ಟುಹೋಯಿತು. ತಪ್ಪೆಂಬ ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ ಕೇಳಿದ್ದಕ್ಕೆ ಉತ್ತರ ಸರಿಯಾಗಿಯೇ ಇದೆ. ನಮ್ಮ ಅಜ್ಜಿ ಕಳೆದುಹೋದದ್ದು ಇಲ್ಲಿಯೇ!

ಇದಕ್ಕೆ ಪರಿಹಾರ ಲೆಫ್ಟ್ ಜಾಯಿನ್. "ಮೊದಲ ಕೋಷ್ಟಕದ ಎಲ್ಲರೂ ಇರಲಿ, ಎರಡನೆಯದರಲ್ಲಿ ಜೊತೆ ಸಿಕ್ಕಿದರೆ ಸೇರಿಸು, ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡು" ಎಂಬುದು ಇದರ ಅರ್ಥ. ಈಗ ಬರುವುದು ಮೂರು ಸಾಲು. 103ರ ಮುಂದೆ ಹಣದ ಜಾಗ ಖಾಲಿ. ಅದು ಸೊನ್ನೆಯಲ್ಲ, ದಾಖಲೆಯೇ ಇಲ್ಲವೆಂಬ ಗುರುತು. ಖಾಲಿ ಇರುವ ಸಾಲುಗಳನ್ನಷ್ಟೇ ಆರಿಸಿಕೊಂಡರೆ, ಹಣ ಮುಟ್ಟದವರ ಪಟ್ಟಿ ಕೈಗೆ ಬಂದಂತೆಯೇ.

ಇಲ್ಲೊಂದು ಎಚ್ಚರಿಕೆ ಉಂಟು. "ಈ ತಿಂಗಳು" ಎಂಬ ನಿಬಂಧನೆಯನ್ನು ಸಾಲುಗಳನ್ನು ಹೊಂದಿಸುವಾಗಲೇ ಹೇಳಬೇಕು. ಹೊಂದಿಸಿದ ಮೇಲೆ ಆ ನಿಬಂಧನೆಯಿಂದ ಜರಡಿ ಹಿಡಿದರೆ, ಖಾಲಿ ಜಾಗದಲ್ಲಿ ತಿಂಗಳೂ ಇಲ್ಲದ್ದರಿಂದ 103 ಮತ್ತೆ ಕೆಳಗುದುರುತ್ತದೆ. ನುರಿತವರೂ ಇಲ್ಲಿ ಎಡವುವುದುಂಟು.

ನೀವು ಗಣಕಯಂತ್ರವನ್ನು ಮುಟ್ಟದವರೇ ಆಗಿರಬಹುದು. ಆದರೂ ಪಟ್ಟಿಯಲ್ಲಿ ಹೆಸರಿಲ್ಲವೆಂದು ಯಾರಾದರೂ ಹೇಳಿದಾಗ ಸುಮ್ಮನೆ ಹಿಂದಿರುಗಬೇಡಿ. "ಸ್ವಾಮಿ, ಇದು ಹಣ ಸಂದಾಯವಾದವರ ಪಟ್ಟಿಯೋ, ಹಣ ಸಲ್ಲಬೇಕಾದ ಎಲ್ಲರ ಪಟ್ಟಿಯೋ?" ಎಂದು ಕೇಳಿ ನೋಡಿ. ಅಜ್ಜಿಯ ಹೆಸರು ಆ ಎರಡನೆಯ ಪಟ್ಟಿಯಲ್ಲಿ ಸಿಕ್ಕೀತು.