ಅಂಚಿಲ್ಲದ ಗಡ್ಡೆಗೆ ಅಳತೆಗೋಲು

ಮೆತ್ತನೆಯ ಹಾಸಿಗೆಯ ಮೇಲೆ ಬೇರೆ ಬೇರೆ ಗಾತ್ರದ 12 ಗಟ್ಟಿ ಗುಂಡುಗಳನ್ನಿಟ್ಟು, ಮೇಲೆ ಫೋಮ್ ರಬ್ಬರಿನ ಹಾಳೆ ಹೊದಿಸಿದರು. ಅನುಭವಿಗಳಾದ 16 ಕ್ಯಾನ್ಸರ್ ವೈದ್ಯರನ್ನು ಕರೆದು, ರೋಗಿಯ ಮೈಮೇಲಿನ ಗಡ್ಡೆಯನ್ನು ದಿನನಿತ್ಯ ಹೇಗೆ ಅಳೆಯುತ್ತೀರೋ ಹಾಗೆಯೇ ಇವನ್ನೂ ಅಳೆಯಿರಿ ಎಂದರು. ಗುಂಡುಗಳ ಪೈಕಿ ಕೆಲವು ಒಂದೇ ಗಾತ್ರದವು. ವೈದ್ಯರಿಗೆ ಅದು ಗೊತ್ತಿರಲಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ಚಾರ್ಲ್ಸ್ ಮೋರ್ಟೆಲ್ ಮತ್ತು ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ಹ್ಯಾನ್ಲಿ 1976ರಲ್ಲಿ ಈ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದೇ ಗಾತ್ರದ ಗುಂಡುಗಳನ್ನು ಅಳೆದಾಗಲೂ ಒಂದು ಇನ್ನೊಂದಕ್ಕಿಂತ ಕಾಲು ಭಾಗ ಚಿಕ್ಕದು ಎಂಬ ತಪ್ಪು ಉತ್ತರ ಮತ್ತೆ ಮತ್ತೆ ಬರುತ್ತಿತ್ತು. ಅರ್ಧದಷ್ಟು ಚಿಕ್ಕದು ಎನ್ನುವ ತಪ್ಪು ಮಾತ್ರ ಕಡಿಮೆ. ಹಾಗಾದರೆ ಔಷಧ ಕೆಲಸ ಮಾಡಿದೆ ಎನ್ನಬೇಕಾದರೆ ಗಡ್ಡೆ ಅರ್ಧದಷ್ಟಾದರೂ ಇಳಿದಿರಲಿ ಎಂಬ ವಾದಕ್ಕೆ ಬಲ ಬಂತು. ವಿಶ್ವ ಆರೋಗ್ಯ ಸಂಸ್ಥೆ 1979ರ ತನ್ನ ಕೈಪಿಡಿಯಲ್ಲಿ ಇದನ್ನೇ ನಿಯಮವಾಗಿಸಿತು: ಗಡ್ಡೆಯ ಅತಿ ಉದ್ದದ ಅಳತೆಯನ್ನೂ ಅದಕ್ಕೆ ಲಂಬವಾದ ಅಗಲವನ್ನೂ ಗುಣಿಸಿ, ಆ ಗುಣಲಬ್ಧ ಶೇ 50ರಷ್ಟು ಇಳಿದರೆ ಚಿಕಿತ್ಸೆಗೆ ಸ್ಪಂದನೆ, ಶೇ 25ರಷ್ಟು ಏರಿದರೆ ಉಲ್ಬಣ.

ಚರ್ಮದ ಕೆಳಗಿನ ಗಂಟನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದ ಕಾಲದ ಈ ಲೆಕ್ಕ ಮುಂದೆ ಸ್ಕ್ಯಾನ್ ಕೋಣೆಗೆ ಬಂತು. ಅಲ್ಲಿಂದ ಮಕ್ಕಳ ಮಿದುಳು ಕಾಂಡದ ಕ್ಯಾನ್ಸರಿಗೂ ಅದೇ ಲೆಕ್ಕ ಅಂಟಿಕೊಂಡಿತು. ಆ ಮಕ್ಕಳಿಗೆಂದೇ ಒಂದು ಅಳತೆಯ ನಿಯಮ ರೂಪುಗೊಳ್ಳಲು 2020ರವರೆಗೆ ಕಾಯಬೇಕಾಯಿತು.

ಆ ಕ್ಯಾನ್ಸರಿನ ಹೆಸರು ಡಿಫ್ಯೂಸ್ ಇಂಟ್ರಿನ್ಸಿಕ್ ಪಾಂಟೈನ್ ಗ್ಲಯೋಮಾ, ವೈದ್ಯರ ಬಾಯಲ್ಲಿ ಡಿಐಪಿಜಿ. ತಲೆಬುರುಡೆಯ ತಳದಲ್ಲಿ, ಮಿದುಳು ಮತ್ತು ಬೆನ್ನುಹುರಿಯ ನಡುವೆ ಮಿದುಳು ಕಾಂಡದ ಪಾನ್ಸ್ ಎಂಬ ಭಾಗವಿದೆ. ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಕಣ್ಣು ಹೊರಳಿಸುವ, ಮುಖದ ಸ್ನಾಯು ಆಡಿಸುವ ನರಗಳ ಮೂಲ ಇಲ್ಲಿದೆ. ಕೈಕಾಲುಗಳಿಗೆ ಇಳಿಯುವ ತಂತುಗಳೂ ಇದರೊಳಗಿಂದಲೇ ಹಾಯುತ್ತವೆ. ಇಲ್ಲಿ ಹುಟ್ಟುವ ಡಿಐಪಿಜಿ ಹೆಚ್ಚಾಗಿ ಐದರಿಂದ ಹತ್ತು ವರ್ಷದ ಮಕ್ಕಳಿಗೆ ಬರುವ ರೋಗ. ಮೊದಲು ಮಗುವಿನ ಕಣ್ಣು ಮೆಳ್ಳೆಯಾಗುತ್ತದೆ, ಮುಖದ ಒಂದು ಬದಿ ಜೋಲುತ್ತದೆ, ನಡಿಗೆ ತಪ್ಪುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಲಾಗದು. ಆರು ವಾರಗಳ ವಿಕಿರಣ ಚಿಕಿತ್ಸೆಯಿಂದ ಕೆಲ ತಿಂಗಳ ಚೇತರಿಕೆ ಸಿಗುತ್ತದೆ. ಅರ್ಧದಷ್ಟು ಮಕ್ಕಳು ಒಂದು ವರ್ಷವನ್ನೂ ದಾಟುವುದಿಲ್ಲ. ಎರಡು ವರ್ಷ ದಾಟುವವರು ಶೇ 10ಕ್ಕಿಂತ ಕಡಿಮೆ.

ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಪುಟ್ಟ ಮಗಳು ಕ್ಯಾರೆನ್‌ಗೆ 1961ರಲ್ಲಿ ಮಿದುಳು ಕಾಂಡದ ಗಡ್ಡೆ ಪತ್ತೆಯಾಯಿತು. ವಿಕಿರಣದ ಬಳಿಕ ತುಸು ಚೇತರಿಸಿಕೊಂಡ ಮಗು 1962ರ ಜನವರಿ 28ರಂದು ತೀರಿಕೊಂಡಿತು. ಗಡ್ಡೆ ಎಷ್ಟು ಇಳಿಯಿತು, ಎಂದಿನಿಂದ ಮತ್ತೆ ಬೆಳೆಯಿತು ಎಂದು ಕಣ್ಣಾರೆ ನೋಡುವ ಉಪಾಯವೇ ಆಗ ಇರಲಿಲ್ಲ. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಆದರೆ ಪಾನ್ಸ್‌ನ ಸುತ್ತ ದಪ್ಪ ಮೂಳೆ, ಸಿ.ಟಿ.ಯಲ್ಲಿ ಆ ಜಾಗ ಗೆರೆಗೆರೆಯಾಗಿ ಮಸುಕಾಗುತ್ತದೆ. ಎಂಆರ್‌ಐ ಬಂದ ಮೇಲೆಯೇ ಚಿತ್ರ ತಿಳಿಯಾಯಿತು. ಎಷ್ಟು ತಿಳಿಯಾಯಿತೆಂದರೆ, ಈ ಗಡ್ಡೆಗೆ ಬಯಾಪ್ಸಿಯೇ ಬೇಡ, ಎಂಆರ್‌ಐ ಸಾಕು ಎಂದು 1993ರಲ್ಲಿ ಅಮೆರಿಕದ ತಜ್ಞರು ಬರೆದರು. ಮುಂದೆ ವರ್ಷಗಳ ಕಾಲ ಈ ಮಕ್ಕಳ ವಿಷಯದಲ್ಲಿ ವೈದ್ಯರ ಕೈಯಲ್ಲಿದ್ದದ್ದು ಬಹುಪಾಲು ಚಿತ್ರವೊಂದೇ. ಅಂದ ಮೇಲೆ ಆ ಚಿತ್ರದ ಅಳತೆ ಸರಿಯಿರಬೇಕಿತ್ತು.

ಸರಿಯಿರಲಿಲ್ಲ. ಈ ಕ್ಯಾನ್ಸರಿನ ಜೀವಕೋಶಗಳು ಗುಂಡಾಗಿ ಒಂದೆಡೆ ಕೂರುವುದಿಲ್ಲ. ಮಣ್ಣಿನ ಗೋಡೆಗೆ ತೇವ ಏರಿದ ಹಾಗೆ ಆರೋಗ್ಯವಂತ ನರತಂತುಗಳ ನಡುವೆ ಹಬ್ಬುತ್ತವೆ. ಎಲ್ಲಿ ಗಡ್ಡೆ ಮುಗಿಯಿತು, ಎಲ್ಲಿ ಬರೀ ಊತ ಶುರುವಾಯಿತು ಎನ್ನುವ ಗೆರೆ ಚಿತ್ರದಲ್ಲಿ ಕಾಣುವುದಿಲ್ಲ. ದೊಡ್ಡವರ ಮಿದುಳು ಗಡ್ಡೆಗೆಂದು 1990ರಲ್ಲಿ ಕೆನಡಾದ ಡೇವಿಡ್ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು ಕೊಟ್ಟ ಮಾನದಂಡ ಎರಡು ದಶಕ ಎಲ್ಲೆಡೆ ನಡೆಯಿತು. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಾಗ ಬೆಳ್ಳಗೆ ಹೊಳೆಯುವ ಭಾಗವನ್ನು ಅಡ್ಡ–ಉದ್ದ ಅಳೆಯುವ ಕ್ರಮವದು. ಸ್ಟೀರಾಯ್ಡ್ ಎಷ್ಟು ಕೊಡಲಾಗುತ್ತಿದೆ, ರೋಗಿ ಹೇಗಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಅದರ ಹೆಚ್ಚುಗಾರಿಕೆ. ಆದರೆ ಅದನ್ನು ಬರೆದದ್ದು ಮಿದುಳಿನ ಮೇಲುಭಾಗದ ಗಡ್ಡೆಗಳಿಗೆ ಎಂದು ಆ ಪ್ರಬಂಧದ ಶೀರ್ಷಿಕೆಯೇ ಹೇಳುತ್ತದೆ. ಮಿದುಳು ಕಾಂಡ ಇರುವುದು ಕೆಳಗೆ. ಮೇಲಾಗಿ ರಕ್ತನಾಳ ಸೋರಿದಲ್ಲಿ ಮಾತ್ರ ಕಾಂಟ್ರಾಸ್ಟ್ ಹೊಳೆಯುತ್ತದೆ. ಡಿಐಪಿಜಿಯಲ್ಲಿ ಎಷ್ಟೋ ಸಲ ನಾಳಗಳು ಸೋರುವುದೇ ಇಲ್ಲ. ಹೊಳೆಯದ ಗಡ್ಡೆಯನ್ನು ಹೊಳಪಿನ ಅಳತೆಗೋಲಿನಿಂದ ಅಳೆಯುತ್ತ ವರ್ಷಗಳು ಕಳೆದವು.

ಲೆಕ್ಕ ಹಾಕಿ ನೋಡಿ. ಗಡ್ಡೆ 4 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, ಗುಣಲಬ್ಧ 16. ಮುಂದಿನ ಸ್ಕ್ಯಾನ್‌ನಲ್ಲಿ ಎರಡೂ ಕಡೆ ನಾಲ್ಕೂವರೆ ಬಂದರೆ ಗುಣಲಬ್ಧ 20 ದಾಟುತ್ತದೆ. ಅಂದರೆ ಶೇ 25ರ ಗಡಿ ಮೀರಿತು. ರೋಗ ಉಲ್ಬಣವಾಗಿದೆ, ಮಗುವನ್ನು ಔಷಧ ಪ್ರಯೋಗದಿಂದ ಹೊರತೆಗೆಯಿರಿ ಎಂದರ್ಥ. ಹೀಗೆ ತೀರ್ಪು ತಿರುಗಿಸಿದ್ದು ಅರ್ಧ ಸೆಂಟಿಮೀಟರ್. ಹಿಂದಿನ ಎಷ್ಟೋ ಎಂಆರ್‌ಐಗಳಲ್ಲಿ ಒಂದೊಂದು ಪದರದ ದಪ್ಪವೇ ಅಷ್ಟಿರುತ್ತಿತ್ತು. ಮಗು ಯಂತ್ರದೊಳಗೆ ತಲೆಯನ್ನು ತುಸು ಓರೆಯಾಗಿ ಇಟ್ಟರೂ ಸಾಕಿತ್ತು. ಅಮೆರಿಕದಲ್ಲಿ ಕ್ಯಾಥರೀನ್ ವಾರೆನ್ ಮತ್ತು ಸಹೋದ್ಯೋಗಿಗಳು ಇದೇ ಗಡ್ಡೆಯ ಚಿತ್ರಗಳನ್ನು ಹಲವು ಪರಿಣತರಿಂದ ಅಳೆಸಿ 2008ರಲ್ಲಿ ವರದಿ ಮಾಡಿದರು: ನೋಡುವವರು ಬದಲಾದರೆ ಅಳತೆಯೂ ಬದಲಾಗುತ್ತದೆ. ಮೂರು ದಶಕಗಳ ಹಿಂದಿನ ಫೋಮ್ ಹಾಳೆಯ ಪಾಠ ಮತ್ತೆ ಎದುರಾಯಿತು.

ಇನ್ನೊಂದು ಪೇಚೂ ಇತ್ತು. ವಿಕಿರಣದ ನಂತರದ ತಿಂಗಳುಗಳಲ್ಲಿ ಸುತ್ತಲಿನ ಊತದಿಂದ ಗಡ್ಡೆ ದೊಡ್ಡದಾದಂತೆ ಕಂಡು, ಆಮೇಲೆ ತಾನಾಗಿ ಇಳಿಯಬಹುದು. ತದ್ವಿರುದ್ಧವಾಗಿ, ಬೆವಾಸಿಜುಮ್ಯಾಬ್‌ನಂಥ ಔಷಧ ನಾಳಗಳ ಸೋರಿಕೆ ನಿಲ್ಲಿಸಿ ಹೊಳಪನ್ನು ಅಳಿಸುತ್ತದೆ. ಗಡ್ಡೆ ಹಾಗೇ ಇದ್ದರೂ ಕರಗಿದಂತೆ ತೋರುತ್ತದೆ. ದೊಡ್ಡವರ ವಿಷಯದಲ್ಲಿ ಈ ಗೊಂದಲ ಬಿಡಿಸಲು 2010ರಲ್ಲಿ ಹೊಸ ಮಾನದಂಡ ಬಂತು. ಮಕ್ಕಳಿಗಾಗಿ ಬೇರೆಯೇ ಅಂತರರಾಷ್ಟ್ರೀಯ ಗುಂಪು ಕೂತಿತು. ಟ್ಯಾಬಿತಾ ಕೂನಿ ಮತ್ತು ಸಂಗಡಿಗರು 2020ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಡಿಐಪಿಜಿಗೆಂದೇ ನಿಯಮಾವಳಿ ಪ್ರಕಟಿಸಿದರು. ಹೊಳಪನ್ನು ನೆಚ್ಚದೆ, ಊತವನ್ನೂ ಹಬ್ಬಿದ ಗಡ್ಡೆಯನ್ನೂ ಒಟ್ಟಿಗೆ ತೋರಿಸುವ ಟಿ2 ಮತ್ತು ಫ್ಲೇರ್ ಚಿತ್ರಗಳಲ್ಲಿ ಅಳೆಯಬೇಕು. ಮಗುವಿನ ನಡಿಗೆ, ನೋಟ, ನುಂಗುವಿಕೆಯ ತಪಾಸಣೆಯೂ ಸ್ಟೀರಾಯ್ಡ್ ಲೆಕ್ಕವೂ ಜೊತೆಗಿರಬೇಕು. ಸ್ಪಂದನೆ ಎನ್ನಲು ಶೇ 50 ಬೇಡ, ಶೇ 25 ಇಳಿದರೆ ಸಾಕು. ಆದರೆ ಅದು ಎಂಟು ವಾರವಾದರೂ ನಿಲ್ಲಬೇಕು.

ಈ ಕೊನೆಯ ಅಂಶ ನನಗೆ ಬಹಳ ಮುಖ್ಯವೆನಿಸುತ್ತದೆ. ಮೋರ್ಟೆಲ್ ಅಪಾಯಕಾರಿ ಎಂದು ಬಿಟ್ಟ ಕಾಲು ಭಾಗದ ಗಡಿಗೇ ಮಕ್ಕಳ ವೈದ್ಯರು ಮರಳಿದರು. ನರತಂತುಗಳೊಳಗೆ ಹೆಣೆದುಕೊಂಡ ಈ ಗಡ್ಡೆ ಅರ್ಧಕ್ಕೆ ಇಳಿಯುವವರೆಗೆ ಕಾದರೆ ನಿಜವಾಗಿ ನೆರವಾಗುತ್ತಿರುವ ಔಷಧವೂ ಸೋತಂತೆ ದಾಖಲಾಗುತ್ತದೆ. ಹಾಗಾಗಿ ಗಡಿಯನ್ನು ತಗ್ಗಿಸಿ, ತಪ್ಪು ನುಸುಳದಂತೆ ಎಂಟು ವಾರಗಳ ಕಾವಲು ಹಾಕಿದರು. ಇದು ರಿಯಾಯಿತಿ ಅಲ್ಲ, ನ್ಯಾಯ.

ನಿಯಮ ಬಂದ ಮಾತ್ರಕ್ಕೆ ಕೆಲಸ ಮುಗಿದಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಡಿಐಪಿಜಿಯ ಕುಟುಂಬಕ್ಕೆ ಸೇರಿದ ಗಡ್ಡೆಗಳಿಗೆ ಡಾರ್ಡಾವಿಪ್ರೋನ್ ಎಂಬ ಔಷಧಕ್ಕೆ ತ್ವರಿತ ಒಪ್ಪಿಗೆ ಕೊಟ್ಟಿತು. ಆಧಾರ 50 ರೋಗಿಗಳ ಅಳತೆ. ಶೇ 22 ಮಂದಿಯಲ್ಲಿ ಗಡ್ಡೆ ಇಳಿದಿತ್ತು. ಆ 50ರಲ್ಲಿ ಡಿಐಪಿಜಿಯ ಒಂದು ಮಗುವೂ ಇರಲಿಲ್ಲ. ಆ ಗಡ್ಡೆಯನ್ನು ಲೆಕ್ಕದಿಂದಲೇ ಹೊರಗಿಡಲಾಗಿತ್ತು. ಅಳೆಯಲು ಕಷ್ಟವಾದದ್ದು ಎಣಿಕೆಗೂ ಸಿಗುವುದಿಲ್ಲ.

ಮುಂದಿನ ದಾರಿ ಘನಗಾತ್ರದ ಕಡೆಗಿದೆ. ಎರಡು ಗೆರೆ ಎಳೆಯುವ ಬದಲು ಪದರ ಪದರವಾಗಿ ಗಡ್ಡೆಯನ್ನು ಗುರುತಿಸಿ ಒಟ್ಟು ಎಷ್ಟು ಜಾಗ ಹಿಡಿದಿದೆ ಎಂದು ಕಂಡುಹಿಡಿಯುವುದು. ಸ್ಟ್ಯಾನ್‌ಫರ್ಡ್‌ನಲ್ಲಿ ಮಿಶೆಲ್ ಮೋಂಜೆ ಅವರ ತಂಡ ರೋಗಿಗಳ ಸ್ವಂತ ರೋಗನಿರೋಧಕ ಕೋಶಗಳನ್ನು ತಿದ್ದಿ ಕೊಡುವ ಚಿಕಿತ್ಸೆಯ ಫಲವನ್ನು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೇಳಿದ್ದು ಹೀಗೆಯೇ: 11 ರೋಗಿಗಳ ಪೈಕಿ ನಾಲ್ವರ ಗಡ್ಡೆ ಅರ್ಧಕ್ಕಿಂತ ಹೆಚ್ಚು ಇಳಿಯಿತು, ಆ ನಾಲ್ವರಲ್ಲಿ ಒಬ್ಬರದು ಪೂರ್ತಿ ಮರೆಯಾಯಿತು. ಕೈಯಲ್ಲಿ ಇಷ್ಟು ಗುರುತಿಸಲು ಗಂಟೆಗಟ್ಟಲೆ ಬೇಕು. ಕಂಪ್ಯೂಟರಿಗೆ ಅದನ್ನು ಕಲಿಸುವ ಅಂತರರಾಷ್ಟ್ರೀಯ ಸ್ಪರ್ಧೆ ದೊಡ್ಡವರ ಗಡ್ಡೆಗೆ 2012ರಿಂದ ನಡೆಯುತ್ತಿದೆ. ಮಕ್ಕಳ ವಿಭಾಗ ಸೇರಿದ್ದು 2023ರಲ್ಲಿ.

ನಮ್ಮಲ್ಲಿ ಎಂಆರ್‌ಐ ಫಿಲ್ಮ್ ಮತ್ತು ಸಿ.ಡಿ. ಸಾಮಾನ್ಯವಾಗಿ ಮನೆಯವರ ಕೈಗೇ ಬರುತ್ತವೆ. ಇಂಥ ಕಾಯಿಲೆಯ ಮಗು ಇರುವ ತಂದೆತಾಯಿ ಪ್ರತಿ ಸ್ಕ್ಯಾನಿನ ಸಿ.ಡಿ.ಯನ್ನೂ, ಮುಖ್ಯವಾಗಿ ವಿಕಿರಣ ಮುಗಿದ ಬಳಿಕದ ಮೊದಲನೆಯದನ್ನು, ಜೋಪಾನವಾಗಿಡಬೇಕು; ಮುಂದಿನ ಹೋಲಿಕೆಗೆ ಅದೇ ಆಧಾರ. ಸಾಧ್ಯವಾದಷ್ಟೂ ಒಂದೇ ಕಡೆ ಸ್ಕ್ಯಾನ್ ಮಾಡಿಸಿ. ರೇಡಿಯಾಲಜಿ ವೈದ್ಯರಲ್ಲಿ ಒಂದು ಕೋರಿಕೆ: ‘ಮೊದಲಿಗಿಂತ ತುಸು ದೊಡ್ಡದಾಗಿದೆ’ ಎಂದಷ್ಟೇ ಬರೆದು ಬಿಡಬೇಡಿ, ಯಾವ ಚಿತ್ರದಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ಮಿಲಿಮೀಟರ್ ಎಂದು ಬರೆಯಿರಿ.